ಒಣಗದ ಮೇಜು

ಗೋರೆಗಾಂವಿನ ನಮ್ಮ ಮನೆಯಲ್ಲಿ ಒಂದೇ ಕೆಲಸ ಮಾಡಿಕೊಂಡು ಸುಮ್ಮನಿರುವ ವಸ್ತು ಯಾವುದೂ ಇಲ್ಲ. ಊಟದ ಟೇಬಲ್ಲಿನ ಮೇಲೆ ಇಸ್ತ್ರಿ ನಡೆಯುತ್ತದೆ. ವಾಷಿಂಗ್ ಮಶೀನಿನ ಮುಚ್ಚಳದ ಮೇಲೆ ತರಕಾರಿ ಹೆಚ್ಚುತ್ತೇವೆ. ಹಾಲ್‌ನಲ್ಲಿರುವ ಸೋಫಾ ರಾತ್ರಿ ನನಗೂ ನನ್ನ ಗಂಡನಿಗೂ ಹಾಸಿಗೆ. ಅದರ ಹೊಟ್ಟೆಯೊಳಗೆ, ಚಳಿಯೇ ಬೀಳದ ಈ ಊರಿನಲ್ಲಿ ಯಾಕೆ ಇಟ್ಟುಕೊಂಡಿದ್ದೇವೋ ತಿಳಿಯದ ರಜಾಯಿಗಳಿವೆ. ಇರುವ ಒಂದು ಬೆಡ್‌ರೂಮು ಹನ್ನೆರಡನೇ ಕ್ಲಾಸಿನ ಮಗಳಿಗೆ ಹೋಯಿತು. ಹಾಲ್‌ನ ಒಂದು ಬದಿ ಅತ್ತೆಯ ಮಂಚಕ್ಕೆ ಹೋಯಿತು. ಅಡುಗೆಮನೆ ನನ್ನದು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅಲ್ಲಿ ಕುರ್ಚಿ ಹಾಕಲು ಜಾಗವಿಲ್ಲ.

ನನ್ನ ಆಫೀಸು ಪವಾಯಿಯಲ್ಲಿದೆ. ವಾರದಲ್ಲಿ ಹೆಚ್ಚಿನ ದಿನ ಮನೆಯಿಂದಲೇ ಕೆಲಸ. ಲೋಕಲ್ ರೈಲಿನಲ್ಲಿ ಜೋತುಬಿದ್ದು ಹೋಗುವವರು "ನೀವು ಲಕ್ಕಿ" ಅನ್ನುತ್ತಾರೆ, ನಾನೂ ಹೂಂ ಅನ್ನುತ್ತೇನೆ. ಬೆಕ್ಕು ಮರಿ ಕಚ್ಚಿಕೊಂಡು ಏಳು ಮನೆ ತಿರುಗಿದ ಹಾಗೆ ನಾನು ಲ್ಯಾಪ್‌ಟಾಪು ಹಿಡಿದುಕೊಂಡು ಇರುವ ಒಂದೇ ಮನೆಯನ್ನು ತಿರುಗುತ್ತಿದ್ದೆ. ತಿಂಡಿಯ ತಟ್ಟೆಗಳು ಎದ್ದ ಮೇಲೆ ಊಟದ ಟೇಬಲ್ಲು, ಅಲ್ಲಿ ಇಸ್ತ್ರಿ ಬಂದರೆ ಅತ್ತೆಯ ಮಂಚದ ತುದಿ, ಅತ್ತೆ ಕಾಲು ಚಾಚಿದರೆ ವಾಷಿಂಗ್ ಮಶೀನು. ಮೀಟಿಂಗಿನಲ್ಲಿ ಮಾತಾಡುವಾಗ ಕೆಳಗೆ ಮಶೀನು ಬಟ್ಟೆ ಹಿಂಡುತ್ತಿದ್ದರೆ ನನ್ನ ಮುಖವೂ ಪರದೆಯ ಮೇಲೆ ಗಡಗಡ ನಡುಗುತ್ತಿತ್ತು. ಆಫೀಸಿನವರು ನೆಟ್‌ವರ್ಕಿನ ತೊಂದರೆ ಎಂದುಕೊಂಡಿದ್ದರು.

ಎರಡು ಮೊಣಕೈ ಊರಿ ಕೂರುವಷ್ಟು ಜಾಗ, ಅದರ ಮೇಲೆ ಬೇರೆಯವರ ವಸ್ತು ಇರಬಾರದು. ನನಗೆ ಬೇಕಾಗಿದ್ದದ್ದು ಇಷ್ಟೇ. ಅದಕ್ಕಾಗಿಯೇ ಮೇಜು ಮಾಡಿಕೊಂಡೆ, ನನ್ನ ಕೈಯಾರೆ.

ಬೈಕುಲ್ಲಾದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಮರಗೆಲಸದ ವರ್ಕ್‌ಶಾಪು ಇದೆ. ಭಾನುವಾರ ನನ್ನಂಥ ಹವ್ಯಾಸಿಗಳಿಗೆ ಬೆಂಚು, ಉಪಕರಣ ಎಲ್ಲ ಬಾಡಿಗೆಗೆ ಕೊಡುತ್ತಾರೆ. ದಾದರ್‌ನಲ್ಲಿ ಗಾಡಿ ಬದಲಾಯಿಸಿಕೊಂಡು ಚಳಿಗಾಲವಿಡೀ ಅಲ್ಲಿಗೆ ಹೋದೆ. ಕೆಡವಿದ ಹಳೆಯ ಬಿಲ್ಡಿಂಗೊಂದರ ಸಾಗುವಾನಿ ಬಾಗಿಲನ್ನು ಕೊಯ್ದು, ಹೆರೆದು, ಅಂಟಿಸಿ, ಕಿಟಕಿಗೂ ಅತ್ತೆಯ ಮಂಚಕ್ಕೂ ನಡುವೆ ಉಳಿದಿದ್ದ ಸಂದಿಗೆ ಸರಿಯಾಗಿ ಹೊಂದುವ ಪುಟ್ಟ ಮೇಜು ಮಾಡಿದೆ. "ಆನ್‌ಲೈನ್ ಆರ್ಡರ್ ಮಾಡಿದ್ರೆ ಎರಡೇ ದಿನಕ್ಕೆ ಬರ್ತಿತ್ತು" ಎಂದರು ನನ್ನ ಗಂಡ. ಸಾಮಾನು ತರಿಸುವುದು ಬೇರೆ, ಜಾಗ ಮಾಡಿಕೊಳ್ಳುವುದು ಬೇರೆ ಎಂದು ವಿವರಿಸುವ ಶಕ್ತಿ ಆಗ ನನ್ನಲ್ಲಿರಲಿಲ್ಲ.

ವಾರ್ನಿಷ್ ಹಚ್ಚುವ ಕೆಲಸವನ್ನು ಮಾತ್ರ ವರ್ಕ್‌ಶಾಪಿನಲ್ಲಿ ಮಾಡುವಂತಿರಲಿಲ್ಲ. ಅಲ್ಲಿ ಗಾಳಿಯ ತುಂಬ ಮರದ ಹುಡಿ, ಅದು ಹಸಿ ವಾರ್ನಿಷ್ ಮೇಲೆ ಕೂತರೆ ಮೇಜಿಗೆ ಚಳಿಗುಳ್ಳೆ ಎದ್ದ ಹಾಗೆ ಕಾಣುತ್ತದೆ. ಬಣ್ಣದಂಗಡಿಯವನು ಒಂದು ಡಬ್ಬಿ ಕೊಟ್ಟು, ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮಾಡಿಕೊಳ್ಳಲು ಹೇಳಿದ. ಬ್ರಶ್ ಬೇಡ, ಹಳೆಯ ಹತ್ತಿಬಟ್ಟೆಯ ಚೌಕ ಮಡಿಸಿಕೊಂಡು ಅದ್ದಿ ಮರದ ಗೆರೆಗುಂಟ ಒರೆಸುತ್ತಾ ಹೋಗಬೇಕು. ಒಮ್ಮೆ ಒರೆಸಿದ ಕಡೆಗೆ ತಿರುಗಿ ಹೋಗಬಾರದು. ಒಣಗಿದ ಮೇಲೆ ನುಣುಪಾದ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ, ಹುಡಿ ಒರೆಸಿ, ಮತ್ತೊಂದು ಕೈ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಹರವಿ ಒಣಗಿಸಿ, ಇಲ್ಲದಿದ್ದರೆ ಒಳಗೊಳಗೇ ಕಾವು ಏರಿ ತಾನೇ ಹೊತ್ತಿಕೊಳ್ಳುತ್ತದೆ ಎಂದೂ ಎಚ್ಚರಿಸಿದ. ಮುದ್ದೆ ಮಾಡಿ ಮೂಲೆಗೆ ಹಾಕಿದ್ದು ಹೊತ್ತಿಕೊಳ್ಳುತ್ತದೆ ಎಂಬುದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ.

ಮೇಜನ್ನು ಟ್ಯಾಕ್ಸಿಯ ತಲೆಯ ಮೇಲೆ ಕಟ್ಟಿಕೊಂಡು ಮನೆಗೆ ತಂದೆ. ಒರೆಸುವ ಬಟ್ಟೆಗೆಂದು ಅಟ್ಟದ ಮೇಲಿದ್ದ ಗಂಟು ಬಿಚ್ಚಿದೆ. ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಭಾಂಡೇವಾಲಿ ಬಂದಾಗ ಕೊಡೋಣವೆಂದು ಕಟ್ಟಿಟ್ಟ ಗಂಟು ಅದು. ಮೇಲುಗಡೆಯೇ ಅತ್ತೆಯ ಹದಿನೆಂಟು ಮೊಳದ ಹತ್ತಿ ಸೀರೆಯೊಂದು ಸಿಕ್ಕಿತು. ಒಗೆದೂ ಒಗೆದೂ ಬಣ್ಣ ಹೋಗಿ, ಎಸಳಿನಂತೆ ತೆಳುವಾಗಿ, ಮಗುವಿನ ಕೆನ್ನೆಯ ಹಾಗೆ ಮೆತ್ತಗಾಗಿತ್ತು. ಒಂದು ಎಳೆ ನೂಲು ಬಿಡದ ಬಟ್ಟೆ, ವಾರ್ನಿಷ್‌ಗೆ ಹೇಳಿ ಮಾಡಿಸಿದಂತಿತ್ತು. ಗಂಟಿಗೆ ಹಾಕಿದ ಮೇಲೆ ಬೇಡದ್ದೇ ತಾನೇ ಎಂದು ಅಡುಗೆಮನೆಯಲ್ಲಿ ನಿಂತು ಹರಿದೆ.

ನಮ್ಮ ಪಕ್ಕದ ಬಿಲ್ಡಿಂಗನ್ನು ರೀಡೆವಲಪ್‌ಮೆಂಟಿಗಾಗಿ ಕೆಡವುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಸಿಮೆಂಟಿನ ಧೂಳು. ಹಾಗಾಗಿ ವಾರ್ನಿಷ್ ಹಚ್ಚಿದಾಗೆಲ್ಲ ಕಿಟಕಿ ಮುಚ್ಚಬೇಕು, ಫ್ಯಾನ್ ಆರಿಸಬೇಕು. ಮೇ ತಿಂಗಳು. ಮೂರೂ ಜನ ಬೆವರಿಳಿಸುತ್ತಾ ನನ್ನ ಮುಖ ನೋಡುತ್ತಿದ್ದರು.

"ಫ್ಯಾನ್ ಹಾಕೋಕೂ ಪರ್ಮಿಷನ್ ಬೇಕಾ ಈಗ?" ಎಂದು ಇವರು ಬನಿಯನ್ನಿನಿಂದ ಗಾಳಿ ಬೀಸಿಕೊಂಡರು.

"ಮಮ್ಮಾ, ಈ ಸ್ಮೆಲ್‌ನಲ್ಲಿ ಕೆಮಿಸ್ಟ್ರಿ ನಹೀ ಹೋತಾ" ಎಂದು ಮಗಳು ಬಾಗಿಲು ಹಾಕಿಕೊಂಡಳು.

ಅತ್ತೆ ಮಾತ್ರ ಮಂಚದ ಮೇಲೆ ಗೋಡೆಗೊರಗಿ ನನ್ನ ಕೈಯನ್ನೇ ನೋಡುತ್ತಿದ್ದರು.

ಮೊದಲ ಕೈ ಎಲ್ಲಿ ಹೋಯಿತೋ ತಿಳಿಯಲಿಲ್ಲ, ಮರ ಕುಡಿದುಬಿಟ್ಟಿತು. ಎರಡನೆಯದಕ್ಕೆ ಅಲ್ಲಲ್ಲಿ ಮಿಂಚು, ಅಲ್ಲಲ್ಲಿ ಮಂಕು, ಅರೆಬರೆ ಬೆಳಗಿದ ಪಾತ್ರೆಯಂತೆ. ಮೂರನೆಯದನ್ನು ಒರೆಸುವಾಗ ಬಾಗಿಲಾಗಿದ್ದ ಕಾಲದ ಗೆರೆಗಳೆಲ್ಲ ಎದ್ದು ಬಂದವು, ಬೆರಳಾಡಿಸಬೇಕು ಅನ್ನಿಸುವಷ್ಟು ನುಣುಪು. ಬಹಳ ದಿನಗಳ ಮೇಲೆ ನನಗೆ ನಿಜವಾಗಿ ಸಂತೋಷವಾಯಿತು. ಅದೇ ಸಂಜೆ ಇವರು ಚಹಾ ಲೋಟ ಹಿಡಿದುಕೊಂಡು ಬಂದು ಮೇಜನ್ನು ಮೆಚ್ಚಿಕೊಂಡರು.

"ಒಳ್ಳೇದಾಯ್ತು ಬಿಡು. ಒಣಗಿದ ಮೇಲೆ ಅಮ್ಮನ ದವಾಯಿ, ಬಿಪಿ ಮಶೀನು, ಆ ನೆಬ್ಯುಲೈಜರು, ಸಬ್ ಕುಛ್ ಇದರ ಮೇಲೇ ಇಡೋಣ. ಅವಳ ಕೈಗೂ ಸಿಗತ್ತೆ. ಕೆಳಗೊಂದು ಪ್ರಿಂಟರ್ ತಂದಿಟ್ರೆ ಮಗಳ ಓದಿಗೂ ಆಗತ್ತೆ."

ನಾನು ಬಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಇವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅತ್ತೆಯ ಔಷಧಿಗಳು ಕುರ್ಚಿಯ ಮೇಲೆ, ಕುರ್ಚಿ ಬೇಕಾದಾಗ ನೆಲದ ಮೇಲೆ ಇರುತ್ತಿದ್ದದ್ದು ನಿಜ. ಮಗಳು ಪ್ರಿಂಟ್ ತೆಗೆಸಲು ಬಿಸಿಲಲ್ಲಿ ಸ್ಟೇಷನ್ನಿನ ತನಕ ಹೋಗುತ್ತಿದ್ದದ್ದೂ ನಿಜ. ಕೇಳಿದವರೆಲ್ಲ ನ್ಯಾಯವಾದದ್ದನ್ನೇ ಕೇಳುತ್ತಿದ್ದರು. ಮುದುಕಿಯ ಔಷಧಿಗೆ ಅಡ್ಡ ನಿಂತು "ಇದು ನನ್ನದು" ಅನ್ನುವ ಸೊಸೆ ಎಂಥವಳು? ಬಾಯಿಂದ ಬಂದದ್ದು ಒಂದೇ ಮಾತು.

"ಇನ್ನೂ ಒಣಗಿಲ್ಲ."

ಆ ಸಂಜೆಗೆ ಅದು ನಿಜವೇ ಆಗಿತ್ತು. ಮರುದಿನವೂ ಸ್ವಲ್ಪ ನಿಜವಿತ್ತು. ಆಮೇಲೆ ಅದು ಶುದ್ಧ ಸುಳ್ಳಾಯಿತು. ಒಣಗುತ್ತಾ ಬಂದಿತು ಅನ್ನುವಾಗ ಇನ್ನೊಂದು ಕೈ ಒರೆಸಿದೆ, ಮತ್ತೂ ಒಂದು ಒರೆಸಿದೆ. ಇನ್ನು ಹಚ್ಚಿದರೆ ಮರ ಹೋಗಿ ಪ್ಲಾಸ್ಟಿಕ್ ಆಗುತ್ತದೆ ಅನ್ನಿಸಿದಾಗ ನಿಲ್ಲಿಸಿದೆ, ಆದರೆ ಮಾತು ನಿಲ್ಲಿಸಲಿಲ್ಲ. ಬೆಳಿಗ್ಗೆ ಎದ್ದು ಡಬ್ಬಿಯ ಮುಚ್ಚಳ ತೆಗೆದು ಬಟ್ಟೆಯ ತುಂಡಿಗೆ ನಾಲ್ಕು ಹನಿ ಹಾಕಿ ಕಿಟಕಿಯ ಬಳಿಯ ಹಗ್ಗಕ್ಕೆ ಹರವುತ್ತಿದ್ದೆ. ಮನೆ ತುಂಬ ವಾಸನೆ. ಯಾರಾದರೂ ಕಣ್ಣೆತ್ತಿ ನೋಡಿದರೆ "ಹವೆಯಲ್ಲಿ ತೇವ ಜಾಸ್ತಿ" ಎನ್ನುತ್ತಿದ್ದೆ. ಮುಂಬಯಿಯಲ್ಲಿ ಈ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ.

ಇದರಿಂದ ನನಗೆ ದಕ್ಕಿದ್ದೇನು ಎಂದು ಕೇಳಿದರೆ ನಗು ಬರುತ್ತದೆ. ಮೇಜಿನ ಮೇಲೆ ಯಾರೂ ಏನೂ ಇಡಲಿಲ್ಲ, ನಿಜ. ಆದರೆ ನಾನೂ ಇಡುವಂತಿರಲಿಲ್ಲ. ಇವರು ಕೆಲಸಕ್ಕೆ, ಮಗಳು ಕ್ಲಾಸಿಗೆ ಹೋದ ಮೇಲೂ ಅತ್ತೆ ಕೈಯಳತೆಯ ದೂರದಲ್ಲಿ ಕೂತಿರುತ್ತಿದ್ದರು. ಅವರ ಮುಂದೆ ಮೊಣಕೈ ಊರಿದೆನೋ, ಸಂಜೆಗೆ ಮಗನ ಕಿವಿಗೆ ಬೀಳುತ್ತದೆ. ಹಾಗಾಗಿ ಮೇಜಿನ ಮುಂದೆ ಸ್ಟೂಲು ಹಾಕಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಪಾಠ ತಪ್ಪಿದ ಹುಡುಗಿಯ ಹಾಗೆ ಕೂರುತ್ತಿದ್ದೆ. ಎದುರಿಗೆ ಕಿಟಕಿ, ಕಿಟಕಿಗೆ ಕಬ್ಬಿಣದ ಗ್ರಿಲ್, ಗ್ರಿಲ್ಲಿಗೆ ಪಾರಿವಾಳದ ಬಲೆ, ಬಲೆಯಾಚೆ ಕೆಡವುವ ಬಿಲ್ಡಿಂಗಿನ ತಗಡಿನ ಗೋಡೆ. ಲ್ಯಾಪ್‌ಟಾಪು ವಾಷಿಂಗ್ ಮಶೀನಿನ ಮೇಲೆಯೇ ಇತ್ತು. ನಾನು ತೋಡಿದ ಗುಂಡಿಯಲ್ಲಿ ನಾನೇ ಬಿದ್ದಿದ್ದೆ, ಮೇಲೆ ಬರಲು ಇಷ್ಟವೂ ಇರಲಿಲ್ಲ.

ಇಲ್ಲಿ ಅತ್ತೆಯ ವಿಷಯ ಹೇಳಬೇಕು. ಮೈಸೂರಿನ ಕಡೆಯಿಂದ ಮದುವೆಯಾಗಿ ಈ ಮನೆಗೆ ಬಂದವರು ಇಲ್ಲಿಯೇ ಮುದುಕಿಯಾದರು. ಕಳೆದ ವರ್ಷ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗುವವರೆಗೂ ಅವರದು ಕಟ್ಟುನಿಟ್ಟಿನ ಮಡಿ. ಹಿಂದಿನ ದಿನವೇ ಸೀರೆ ಒಗೆದು, ಯಾರ ಕೈಗೂ ಎಟುಕದಂತೆ ಸೂರಿನ ಬಳಿಯ ಹಗ್ಗಕ್ಕೆ ಕೋಲಿನಿಂದ ಏರಿಸಿ ಹರವುವರು. ಬೆಳಿಗ್ಗೆ ಸ್ನಾನ ಮಾಡಿ ಅದನ್ನೇ ಉಟ್ಟರೆ ಮುಗಿಯಿತು, ಮಡಿ ಬಿಡುವವರೆಗೆ ಯಾರೂ ಅವರನ್ನು ಸೋಕುವಂತಿಲ್ಲ. ಸೋಕಿದರೆ ಮತ್ತೆ ಸ್ನಾನ. ಈ ಬೆಂಕಿಪೊಟ್ಟಣದಂಥ ಮನೆಯಲ್ಲಿ ಹೊಸ ಸೊಸೆಯಾಗಿದ್ದ ನಾನು ಗೋಡೆಗೆ ಅಂಟಿಕೊಂಡು ಓಡಾಡುತ್ತಿದ್ದೆ. ಮಗಳು ಕೂಸಾಗಿದ್ದಾಗ ಕೈ ಚಾಚಿದರೂ ಎತ್ತಿಕೊಳ್ಳುತ್ತಿರಲಿಲ್ಲ, ಮಡಿ, ಮಡಿ ಎಂದು ಸರಿಯುತ್ತಿದ್ದರು. ಆ ಪದ್ಧತಿಯ ಮೇಲೆ ನನಗೆ ಆಗಲೂ ಗೌರವವಿರಲಿಲ್ಲ, ಈಗಲೂ ಇಲ್ಲ. ಬಿದ್ದ ಮೇಲೆ ಅದು ತಾನಾಗಿಯೇ ಹೋಯಿತು. ಈಗ ಬೆಳಿಗ್ಗೆ ಕೆಲಸದ ಬಾಯಿಯೊಬ್ಬಳು ಬಂದು ಸ್ನಾನ ಮಾಡಿಸಿ ನೈಟಿ ತೊಡಿಸಿ ಹೋಗುತ್ತಾಳೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬಂದಾಗ ಅದು ವಾಷಿಂಗ್ ಮಶೀನಿನ ಮೇಲಿತ್ತು.

ಒಂದು ಭಾನುವಾರ ಇವರು ಮಗಳನ್ನು ಪವಾಯಿಯ ಕ್ಲಾಸಿಗೆ ಬಿಟ್ಟುಬರಲು ಹೊರಟಿದ್ದರು. ಹೊರಡುವ ಮುಂಚೆ ಏನೋ ಹೊಳೆದಂತೆ ಔಷಧಿಯ ಟ್ರೇ ಎತ್ತಿಕೊಂಡು ಮೇಜಿನ ಕಡೆಗೆ ಬಂದರು.

"ಇನ್ನೂ ಒಣಗಿಲ್ಲ" ಎಂದೆ ಅಡುಗೆಮನೆಯಿಂದಲೇ.

"ಬಸ್ ಕರೋ ಯಾರ್. ಇಷ್ಟು ದಿನ ಆಯ್ತು, ಡಾಂಬರು ಕೂಡ ಒಣಗತ್ತೆ" ಎಂದು ಟ್ರೇಯನ್ನು ಒಂದು ಕೈಗೆ ಬದಲಾಯಿಸಿ, ಇನ್ನೊಂದು ಕೈಯ ಬೆರಳನ್ನು ಮೇಜಿನತ್ತ ಚಾಚಿದರು.

ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಬೆರಳು ತಗಲಿದರೆ ಮುಗಿಯಿತು. ಮೇಜೂ ಹೋಯಿತು, ಮಾನವೂ ಹೋಯಿತು.

"ಮುಟ್ಟಬೇಡ ಕಣೋ" ಎಂದರು ಅತ್ತೆ.

ಇವರು ತಿರುಗಿದರು.

"ಈಗ ತಾನೇ ನಾನು ಹೆಬ್ಬೆಟ್ಟು ಒತ್ತಿ ನೋಡ್ದೆ. ಅಂಟಂಟು ಇದೆ. ಸುಮ್ನೆ ನಿನ್ನ ಬೆರಳಚ್ಚು ಬೇರೆ ಕೂತ್ಕೊಳತ್ತೆ. ಇಲ್ಲಿಡು ಟ್ರೇನ, ನನ್ನ ಕಾಲ ಹತ್ರ" ಎಂದು ಹೆಬ್ಬೆರಳನ್ನು ನೈಟಿಗೆ ಒರೆಸಿಕೊಂಡರು.

ಅಮ್ಮ ಸುಳ್ಳು ಹೇಳುತ್ತಾಳೆ ಎಂಬ ಕಲ್ಪನೆಯೇ ಇವರಿಗಿಲ್ಲ. ಟ್ರೇಯನ್ನು ಮಂಚದ ಮೇಲಿಟ್ಟು, ಮಳೆ ಶುರುವಾದರೆ ಇದು ಜನ್ಮದಲ್ಲಿ ಒಣಗುವುದಿಲ್ಲ ಎಂದು ಗೊಣಗುತ್ತಾ ಮಗಳನ್ನು ಕರೆದುಕೊಂಡು ಹೋದರು. ಲಿಫ್ಟಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

"ಆ ಹಗ್ಗದ ಮೇಲಿರೋದು ನನ್ನ ಮಡಿ ಸೀರೆ ಅಲ್ವೇನೇ" ಎಂದರು ಅತ್ತೆ.

ಬೈಗುಳ ಬರುತ್ತದೆ ಎಂದುಕೊಂಡೆ. "ಭಾಂಡೇವಾಲಿ ಗಂಟಲ್ಲಿತ್ತು. ಬೇಡದ್ದು ಅಂದ್ಕೊಂಡೆ."

"ಹೂಂ, ನಾನೇ ಹಾಕ್ಸಿದ್ದು. ಇನ್ಯಾತಕ್ಕೆ ಅದು." ಬಟ್ಟೆಯ ಮೇಲಿನ ಕಂದು ಕಲೆಗಳನ್ನು ನೋಡಿದರು. "ಯಾವತ್ತು ಒಣಗ್ತು ಈ ಮೇಜು?"

"ಹೋದ ವಾರ."

"ನಂಗೂ ಆಗ್ಲೇ ಗೊತ್ತಾಯ್ತು. ಮೇಜಿಂದ ವಾಸನೆ ಬರೋದು ನಿಂತೋಗಿತ್ತು. ಬರ್ತಿದ್ದದ್ದೆಲ್ಲ ಬಟ್ಟೆಯಿಂದ."

ನನಗೆ ಅವಮಾನವಾಯಿತು. ಇಷ್ಟು ದಿನ ನಾನು ಕೈ ಕಟ್ಟಿಕೊಂಡು ಕೂತದ್ದನ್ನು ಅವರು ತಿಳಿದೇ ನೋಡುತ್ತಿದ್ದರು. "ಮತ್ತೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ, ಸ್ವಲ್ಪ ಬಿರುಸಾಗಿಯೇ.

"ನನ್ನ ಪೂಜೆ ಎಷ್ಟು ಹೊತ್ತಿಗೆ ಮುಗೀತಿತ್ತು, ನಿಂಗೆ ನೆನಪಿದ್ಯಾ?"

"ಬೆಳಗಿನ ತಿಂಡಿ ಹೊತ್ತಿಗೆ."

"ಮಡಿ ಬಿಡ್ತಿದ್ದದ್ದು?"

ಮಧ್ಯಾಹ್ನ, ಊಟವೂ ಆದ ಮೇಲೆ. ಅಷ್ಟು ಹೊತ್ತು ಅಡುಗೆಮನೆಯ ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತಿರುತ್ತಿದ್ದರು, ಜಪ ಮಾಡುತ್ತಾರೆ ಎಂದು ನಾವೆಲ್ಲ ದೂರದಿಂದಲೇ ಹೋಗುತ್ತಿದ್ದೆವು.

"ಜಪವೂ ಇಲ್ಲ, ಎಂಥದೂ ಇಲ್ಲ" ಎಂದರು ಅತ್ತೆ. "ಸುಮ್ನೆ ಕೂತಿರ್ತಿದ್ದೆ. ಈ ಹಾಲ್‌ನಲ್ಲಿ ಆಗ ಒಂಬತ್ತು ಜನ ಇದ್ವಿ. ನನ್ನತ್ತೆ, ನನ್ನ ಮೈದುನರು, ಊರಿಂದ ಕೆಲ್ಸ ಹುಡುಕ್ಕೊಂಡು ಬಂದೋರು. ಎಲ್ರಿಗೂ ನಾನು ಬೇಕು. ಅದು ಕೊಡು, ಇದು ಹಿಡಿ, ಮಗು ಎತ್ಕೋ. ಮಡಿಯಲ್ಲಿದೀನಿ ಅಂದ್ರೆ ಮಾತ್ರ ಸುಮ್ಮನಾಗ್ತಿದ್ರು. ದೇವ್ರ ಹೆಸ್ರು ಹೇಳಿದ್ರೆ ಯಾರು ಎದುರಾಡ್ತಾರೆ? ನನ್ನತ್ತೇನೂ ಆಡ್ತಿರಲಿಲ್ಲ."

ಗೋಡೆಗೆ ಅಂಟಿಕೊಂಡು ಓಡಾಡಿದ ನನ್ನ ಆ ವರ್ಷಗಳು ನೆನಪಾದವು. "ನನ್ನ ಮಗು ಅಳ್ತಿದ್ರೂ ಎತ್ಕೊಳ್ಳಲಿಲ್ಲ ನೀವು" ಎಂದೆ. ಇಷ್ಟು ಕಾಲ ಒಳಗಿಟ್ಟುಕೊಂಡಿದ್ದ ಮಾತು ಅದು.

"ಇಲ್ಲ" ಎಂದರು. "ಎತ್ಕೊಂಡಿದ್ರೆ ಅವತ್ತಿನ ನನ್ನ ಹೊತ್ತು ಅಲ್ಲಿಗೇ ಮುಗೀತಿತ್ತು."

ಕುಕ್ಕರ್ ಕೂಗಿತು. ಆರಿಸಿ ಬಂದೆ. ಅತ್ತೆ ತಮ್ಮ ತೋಳನ್ನು ತಾವೇ ಸವರಿಕೊಳ್ಳುತ್ತಿದ್ದರು.

"ಈಗ ಎಲ್ರೂ ಮುಟ್ತಾರೆ. ಆ ಬಾಯಿ ಮುಟ್ತಾಳೆ, ಡಾಕ್ಟ್ರು ಮುಟ್ತಾರೆ. ಎಬ್ಬಿಸ್ತಾರೆ, ಕೂರಿಸ್ತಾರೆ, ತಲೆ ಬಾಚ್ತಾರೆ. ಒಬ್ರೂ ಕೇಳಲ್ಲ. ನೀನೂ ಕೇಳಲ್ಲ."

ಅದು ನಿಜ. ಹೊತ್ತಾಯಿತೆಂದು ಬಂದು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಅವರ ಕಂಕುಳಿಗೆ ಕೈ ಹಾಕಿ ಎತ್ತಿ, ಮಗ್ಗುಲು ಬದಲಾಯಿಸಿ, ಬಾಯಿಗೆ ಮಾತ್ರೆ ಹಾಕಿ ಹೋಗುತ್ತಿದ್ದೆ. ಮೇಜನ್ನು ಒರೆಸುವಾಗ ಇದ್ದ ನಿಧಾನ ಅವರ ಮೈ ಮುಟ್ಟುವಾಗ ನನಗೆ ಯಾವತ್ತೂ ಇರಲಿಲ್ಲ. ನನಗೆ ತುಂಬ ಕೆಟ್ಟದೆನಿಸಿತು.

"ನನ್ನ ಅಲ್ಲಿ ಕೂರಿಸ್ತೀಯಾ ಸ್ವಲ್ಪ?" ಎಂದು ಮೇಜಿನ ಕಡೆ ಗಲ್ಲ ತಿರುಗಿಸಿದರು.

ವಾಕರ್ ಹಿಡಿಸಿ, ಬೆನ್ನಿರುವ ಕುರ್ಚಿಯನ್ನು ಮೇಜಿನ ಮುಂದೆ ಹಾಕಿ ಕೂರಿಸಿದೆ. ಅವರು ಮೊದಲು ಅಂಗೈಯನ್ನು ಹಲಗೆಯ ಮೇಲೆ ಆ ತುದಿಯಿಂದ ಈ ತುದಿಗೆ ಎಳೆದು ನೋಡಿದರು. "ನುಣ್ಣಗೆ ಮಾಡಿದೀಯ" ಎಂದರು. ಆಮೇಲೆ ಎರಡೂ ಮೊಣಕೈಗಳನ್ನು ಊರಿ, ಗಲ್ಲವನ್ನು ಅಂಗೈಯಲ್ಲಿಟ್ಟುಕೊಂಡು ಕೂತರು. ನಾನು ಕಟ್ಟಿಕೊಂಡಿದ್ದ ಆಸೆಯನ್ನು ನನ್ನ ಕಣ್ಣೆದುರಿಗೇ ಇನ್ನೊಬ್ಬರು ಮೊದಲು ತೀರಿಸಿಕೊಂಡರು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ನಾನು ಅಡುಗೆಮನೆಗೆ ಹೋಗಿ ಹುಳಿಗೆ ಒಗ್ಗರಣೆ ಹಾಕಿದೆ.

ಬಲೆಯಾಚೆ ಕ್ರೇನು ತಿರುಗುತ್ತಿತ್ತು. ಅವರು ಅದನ್ನು ನೋಡುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಟಿವಿ ಹಾಕು ಅನ್ನಲಿಲ್ಲ, ನೀರು ಕೇಳಲಿಲ್ಲ. ಮಳೆ ಬರುವವರೆಗೆ ಇನ್ನೆಷ್ಟು ದಿನ ಈ ಸುಳ್ಳು ನಡೆದೀತು, ನಡೆದರೂ ಈಗ ಅದರಲ್ಲಿ ಇಬ್ಬರಿಗೆ ಪಾಲು ಎಂದು ನಾನು ಯೋಚಿಸುತ್ತಿದ್ದೆ. ಮಧ್ಯಾಹ್ನದ ಮಾತ್ರೆಯ ಹೊತ್ತು ಮೀರಿತ್ತು. ಇವರು ಹಿಂತಿರುಗುವ ಹೊತ್ತೂ ಆಗಿತ್ತು. ಅಮ್ಮ ಮೇಜಿಗೆ ಮೊಣಕೈ ಊರಿದ್ದನ್ನು ಕಂಡರೆ ಎಲ್ಲ ಬಯಲಾಗುತ್ತದೆ. ಅವರನ್ನು ಬೇಗ ಮಂಚಕ್ಕೆ ಸಾಗಿಸಬೇಕಿತ್ತು. ಎಂದಿನಂತೆ ಹಿಂದಿನಿಂದ ಹೋಗಿ ಕಂಕುಳಿಗೆ ಕೈ ಹಾಕಲು ಚಾಚಿದವಳು ಅಲ್ಲಿಯೇ ನಿಂತೆ.

"ಅತ್ತೆ, ಹಿಡ್ಕೊಳ್ಳಲಾ?" ಎಂದು ಕೇಳಿದೆ.

ಅವರು ತಿರುಗಿ ನೋಡಲಿಲ್ಲ.

"ತಡಿ" ಎಂದರು. "ಇನ್ನೂ ಒಣಗಿಲ್ಲ."

ನಾನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ವಾಷಿಂಗ್ ಮಶೀನಿಗೆ ಒರಗಿ ನಿಂತೆ.